ತಿಪ್ಪವ್ವ ಮುಚ್ಚಿದ ಹಗೇವು

ನಮ್ಮ ಕಾಕಾ ಗೋಣೆಪ್ಪ ತನ್ನದೇ ಜೋಳದ ಹಗೇವಿನೊಳಗೆ ಸಿಕ್ಕಿಕೊಂಡು ಸಾಯುವ ಹಂತಕ್ಕೆ ಹೋಗಿದ್ದ ದಿನ, ಊರಿನಲ್ಲಿ ಅವನ ಕೇಡು ಬಯಸಿದವರು ಒಬ್ಬರೂ ಇರಲಿಲ್ಲ. ವೈರಿಗಳಿದ್ದಿದ್ದರೆ ಅವನು ಎಚ್ಚರದಿಂದಲಾದರೂ ಇರುತ್ತಿದ್ದ. ಅವತ್ತು ಐದು ಮಂದಿ ಅವನಿಗೆ ಒಂದೊಂದು ಉಪಕಾರ ಮಾಡಿದರು. ಐದನೆಯವಳು ನಾನು.

ಅದು ೧೯೫೭ರ ಬೇಸಿಗೆ. ನಾನು ಧಾರವಾಡದಲ್ಲಿ ಇಂಟರ್ ಪರೀಕ್ಷೆ ಬರೆದು ರಜೆಗೆ ಬಂದಿದ್ದೆ. ಅಪ್ಪ ತೀರಿದ ಮೇಲೆ ನನ್ನನ್ನು ಓದಿಸುತ್ತಿದ್ದವನು ಕಾಕಾ. ಹೆಣ್ಣುಮಗಳಿಗೆ ಕಾಲೇಜು ಯಾಕೆ ಎಂದು ಕೇಳಿದವರಿಗೆಲ್ಲ ಅವನು ಒಂದೇ ಉತ್ತರ ಕೊಡುತ್ತಿದ್ದ: ನಮ್ಮ ಮನೆಯಲ್ಲಿ ಒಬ್ಬರಾದರೂ ಶಾಣ್ಯಾರು ಇರಲಿ ಎಂದು. ಯಲವಿಗಿ ಸ್ಟೇಶನ್ನಿಗೆ ಚಕ್ಕಡಿ ತಂದು ನನ್ನನ್ನು ಕರೆದುಕೊಂಡು ಹೋದವನೂ ಅವನೇ. ಎರಡು ಮೈಲಿ ದಾರಿಯುದ್ದಕ್ಕೂ ಚಿಗವ್ವನ ಮೇಲೆ ದೂರು ಹೇಳಿದ. ಮನೆ ಮುಟ್ಟಿದ ಮೇಲೆ ಚಿಗವ್ವ ಗುತ್ತೆವ್ವ ಅವನ ಮೇಲೆ ಅಷ್ಟೇ ಉದ್ದದ ದೂರು ಹೇಳಿದಳು. ಮನೆಯಲ್ಲಿ ಜೋಳ ಮುಗಿಯುತ್ತ ಬಂದಿದೆ, ಹಗೇವು ತೆರೆಯಿರಿ ಎಂದು ಎಂಟು ದಿನದಿಂದ ಹೇಳುತ್ತಿದ್ದೇನೆ, ಈ ಮನುಷ್ಯನಿಗೆ ಕಿವಿಯೇ ಇಲ್ಲ ಎಂದು.

ಆಗ ನಮ್ಮ ಕಡೆ ವರ್ಷದ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಊರಂಚಿನ ಗಟ್ಟಿ ನೆಲದಲ್ಲಿ ಮನೆಗೊಂದು ಹಗೇವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಒಳಗೆ ಕೊಡದ ಹೊಟ್ಟೆಯ ಹಾಗೆ ಅಗಲ. ಸುತ್ತ ಹುಲ್ಲು ಕೊಟ್ಟು, ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮುಚ್ಚುತ್ತಿದ್ದರು. ತೆರೆದ ಕೂಡಲೇ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿಯ ಝಳ ಬಡಿದು ಮನುಷ್ಯ ಕುಸಿದುಬಿಡುತ್ತಾನೆ. ಒಂದು ದಿನ ಬಾಯಿಗೆ ಮುಳ್ಳುಕಂಟಿ ಅಡ್ಡ ಹಾಕಿ ತೆರೆದಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಇಳಿದವನು ತನ್ನ ಕಾಲಿನ ಕೆರವುಗಳನ್ನು ಬಾಯಿಯ ಪಕ್ಕ ಬಿಡುತ್ತಿದ್ದ. ಕೆರವು ಕಂಡರೆ ಒಳಗೆ ಮನುಷ್ಯನಿದ್ದಾನೆ ಎಂದರ್ಥ. ಮುಳ್ಳಿಲ್ಲದೆ, ಕೆರವಿಲ್ಲದೆ, ಯಾರೂ ಇಲ್ಲದೆ ಹಗೇವು ತೆರೆದು ಬಿದ್ದಿದ್ದರೆ, ಅದು ಯಾರದೇ ಆಗಿರಲಿ, ಆ ದಾರಿಯಲ್ಲಿ ಹೋಗುವವರು ಮುಚ್ಚಿ ಹೋಗಬೇಕು. ಹಿಂದೊಮ್ಮೆ ಒಂದು ಗಬ್ಬದ ಆಡು ಬಿದ್ದು ಸತ್ತಿತ್ತಂತೆ. ಅವತ್ತಿನಿಂದ ಊರಿನವರು ಇದನ್ನು ತಪ್ಪದೆ ಪಾಲಿಸುತ್ತಿದ್ದರು. ಎಂಥ ಒಳ್ಳೆಯ ಪದ್ಧತಿ ಎಂದು ನಾನು ಕಾಲೇಜಿನ ಗೆಳತಿಯರಿಗೆ ಹೆಮ್ಮೆಯಿಂದ ಹೇಳಿದ್ದೂ ಉಂಟು.

ಎಂಟು ದಿನ ಸುಮ್ಮನಿದ್ದ ಕಾಕಾ ಒಂಬತ್ತನೆಯ ದಿನ ಹಗೇವಿನ ಬಾಯಿ ತೆರೆದು, ಮುಳ್ಳು ಅಡ್ಡ ಇಟ್ಟು ಬಂದ. ಮರುದಿನ ಮುಂಜಾನೆ ಇಳಿಯಲು ಹೊರಟಾಗ, ಬೇಕೆಂದೇ ನೆಲ ಸಾರಿಸುವ ದಿನ ನೋಡಿ ಹೊರಟಿದ್ದೀರಿ ಎಂದು ಚಿಗವ್ವ ಜಗಳ ತೆಗೆದಳು. ಮೂಟೆಗಳನ್ನು ಇಡಲು ಒಣಗಿದ ಜಾಗವೇ ಇಲ್ಲ ಎನ್ನುವುದು ಅವಳ ತಕರಾರು. ಹಿರೇಕೆರೂರಿನ ತವರಿಗೆ ಹೋಗಿಬಿಡುತ್ತೇನೆ ಎಂಬ ಮಾತೂ ಬಂತು. ಕಾಕಾ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ಜಗಳವಾದ ದಿನ ಅವನು ಒಳಕೋಣೆಯಲ್ಲಿ ಕಂಬಳಿ ತಲೆತುಂಬ ಹೊದ್ದು ಮಲಗಿಬಿಡುವವನು. ಅವತ್ತು ಹಾಗೆ ಮಲಗಿದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಮೇಲೆ ನಿಲ್ಲಲು ಪಕ್ಕದ ಮನೆಯ ಉಡಚಪ್ಪನನ್ನು ಕರೆದುಕೊಂಡಿದ್ದ. ಹಗೇವಿನಲ್ಲಿ ಅರ್ಧಕ್ಕಿಂತ ಕಡಿಮೆ ಜೋಳ ಉಳಿದಿತ್ತು. ಕಾಕಾ ಹಗ್ಗ ಹಿಡಿದು ಇಳಿದ. ಖಾಲಿ ಚೀಲಗಳು, ಚೀಲದ ಬಾಯಿ ಹೊಲಿಯುವ ದಬ್ಬಣ, ಸುತಳಿ, ಕಂದೀಲು ಅವನ ಜೊತೆಗಿದ್ದವು. ಧೂಳು ಹೋಗಬಾರದೆಂದು ರುಮಾಲನ್ನು ಮೂಗು, ಕಿವಿ ಸೇರಿಸಿ ಸುತ್ತಿಕೊಂಡಿದ್ದ.

ಹಗೇವುಗಳ ಆಚೆಗೆ ನೂರು ಮಾರಿನಲ್ಲಿ ಹಿಟ್ಟಿನ ಗಿರಣಿ. ಅದು ಊರಿಗೆ ಬಂದು ಹದಿನೈದು ದಿನವಾಗಿತ್ತು. ಹಾನಗಲ್ಲಿನಿಂದ ಬಂದ ಮೇಸ್ತ್ರಿ ಡೀಸೆಲ್ ಎಂಜಿನ್ ಚಾಲೂ ಮಾಡಿದನೆಂದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಊರಿನವರಿಗೆ ಆ ಸದ್ದಿನದೇ ದೊಡ್ಡ ಅಭಿಮಾನ. ಮರುದಿನ ಅಮಾವಾಸ್ಯೆ, ಎಲ್ಲರಿಗೂ ಹಿಟ್ಟು ಬೇಕಿತ್ತು. ಎಂಜಿನ್ ಮುಂಜಾನೆಯಿಂದ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅದರ ಎದುರಿಗೇ ಯಾರದೋ ತುಂಬಿದ ಚಕ್ಕಡಿಯ ಅಚ್ಚು ಮುರಿಯಿತು. ಹಗ್ಗ ತಾ, ಒಂದು ಕೈ ಹಚ್ಚು ಎಂದು ಉಡಚಪ್ಪನಿಗೆ ಕೈ ಸನ್ನೆ ಬಂತು. ಅವನು ಹಗೇವಿನೊಳಗೆ ಬಗ್ಗಿ, ಈಗ ಬಂದೆ ಎಂದು ಕೈ ಬೀಸಿ, ಹಗ್ಗ ಸುತ್ತಿಕೊಂಡು ಓಡಿದ. ಲಗೂ ಬಾ ಎಂದು ಕಾಕಾ ಕೈ ಸನ್ನೆ ಮಾಡಿದ್ದನ್ನು ಅವನು ನೋಡಿದನಂತೆ. ಆದರೆ ಅಚ್ಚು ಲಗೂ ಕೂಡಲಿಲ್ಲ.

ಆಗ ಬಂದವನು ಲಕ್ಕಪ್ಪ, ನಮ್ಮ ಓಣಿಯ ಬಡಿಗ. ನಾಯಿಯೊಂದು ಕಾಕಾನ ಒಂದು ಕೆರವನ್ನು ಬಾಯಲ್ಲಿ ಹಿಡಿದು ಗಿರಣಿಯ ಹಿಂದೆ ಎಳೆದುಕೊಂಡು ಹೋಗುತ್ತಿತ್ತು. ಲಕ್ಕಪ್ಪ ಅದನ್ನು ಬೆನ್ನಟ್ಟಿ ಕೆರವು ಬಿಡಿಸಿದ. ತಾನೇ ಮೊಳೆ ಹೊಡೆದು ಕೊಟ್ಟಿದ್ದ ಅಟ್ಟೆಯಾದ್ದರಿಂದ ಗೋಣೆಪ್ಪನದು ಎಂದು ಗುರುತು ಹಿಡಿದ. ಜೋಡಿಯ ಇನ್ನೊಂದು ಕೆರವು ಹಗೇವಿನಿಂದ ಸ್ವಲ್ಪ ದೂರ ಬಿದ್ದಿತ್ತು. ಅದನ್ನೂ ನಾಯಿಯೇ ಎಳೆದು ಹಾಕಿರಬೇಕು ಎಂದುಕೊಂಡ. ಎರಡನ್ನೂ ಒರೆಸಿ, ಬಿಸಿಲಲ್ಲಿ ನಮ್ಮ ಮನೆಯವರೆಗೆ ನಡೆದು ಬಂದು, ಹೊಸ್ತಿಲ ಪಕ್ಕ ಜೋಡಿಸಿಟ್ಟು, ಯಾರನ್ನೂ ಕರೆದು ತೊಂದರೆ ಕೊಡದೆ ಹೋದ. ಅಂಥ ಮನುಷ್ಯ ಅವನು.

ಚಿಗವ್ವ ಹೊರಗೆ ಬಂದವಳು ಕೆರವು ನೋಡಿದಳು. ಬಂದು ಮಲಗಿದ್ದಾರೆ, ಸಿಟ್ಟು ಇಳಿದಿಲ್ಲ ಎಂದಳು. ಒಳಕೋಣೆಯ ಕತ್ತಲಲ್ಲಿ ಕಂಬಳಿ ಉಬ್ಬಿಕೊಂಡಿದ್ದು ಬಾಗಿಲಿನಿಂದಲೇ ಕಾಣಿಸುತ್ತಿತ್ತು. ಎಬ್ಬಿಸುವುದು ಬೇಡ, ಹಸಿವಾದರೆ ತಾವೇ ಏಳುತ್ತಾರೆ ಎಂದು ಅವನಿಗಾಗಿ ಬಿಸಿ ರೊಟ್ಟಿ ಬಡಿಯಲು ಕುಳಿತಳು. ಬೆಳಕು ಕಣ್ಣಿಗೆ ಬೀಳುತ್ತದೆ ಎಂದು ನಾನು ಮೆಲ್ಲಗೆ ಕೋಣೆಯ ಬಾಗಿಲು ಮುಂದೆ ಮಾಡಿದೆ.

ಇತ್ತ ಹಗೇವಿನ ಬಳಿಗೆ ತಿಪ್ಪವ್ವ ಬಂದಳು. ಅವಳ ಮನೆ ಆ ಬಯಲಿನ ಅಂಚಿಗೇ ಇತ್ತು. ಎಪ್ಪತ್ತರ ಮುದುಕಿ, ಕಿವಿ ಪೂರಾ ಮಂದ, ಕೈಯಲ್ಲಿ ಸದಾ ಸಗಣಿಯ ಬುಟ್ಟಿ. ಹಗೇವು ಬಾಯಿ ತೆರೆದು ಬಿದ್ದಿದೆ. ಮನುಷ್ಯರಿಲ್ಲ, ಕೆರವಿಲ್ಲ, ಹಗ್ಗವಿಲ್ಲ. ಅವಳ ಎಳೆಗರು ಬೇರೆ ಅತ್ತಿತ್ತ ಜಿಗಿಯುತ್ತಿತ್ತು. ಹತ್ತಿ ಹಿಂಜುವ ಜಮಾಲಸಾಬ ಹೆಗಲ ಮೇಲೆ ತನ್ನ ಬಿಲ್ಲು ಹೊತ್ತು ಹೋಗುತ್ತಿದ್ದ, ಅವನನ್ನು ಕರೆದಳು. ಜಮಾಲಸಾಬ ತಿಳಿದವನು. ಬಾಯಿಯ ಬಳಿ ಬಗ್ಗಿ, ಒಳಗೆ ಯಾರಾದರೂ ಇದ್ದೀರಾ ಎಂದು ಎರಡು ಸಲ ಕೂಗಿದನಂತೆ. ಎಂಜಿನ್ನಿನ ಸದ್ದಿಗೆ ಅವನ ಕೂಗು ಅವನಿಗೇ ಕೇಳಿಸಲಿಲ್ಲ. ಬಾಯಿಯ ನೇರಕ್ಕೆ ಕೆಳಗೆ ಬರೀ ಜೋಳ ಕಾಣುತ್ತಿತ್ತು. ಕಾಕಾ ಆಗ ಹಗೇವಿನ ಹೊಟ್ಟೆಯ ಒಂದು ಬದಿಗೆ, ಗೋಡೆಗೆ ಮುಖ ಮಾಡಿ, ರುಮಾಲು ಬಿಗಿದುಕೊಂಡು ಚೀಲ ತುಂಬುತ್ತಿದ್ದ. ಇಬ್ಬರೂ ಸೇರಿ ಕಲ್ಲು ಎಳೆದರು. ಜಮಾಲಸಾಬ ಬರೀ ಕಲ್ಲು ಸಾಲದೆಂದು ಅದರ ಮೇಲೆ ಒಂದು ಗುಂಡುಕಲ್ಲು ಉರುಳಿಸಿಟ್ಟ. ತಿಪ್ಪವ್ವ ಸುತ್ತಲೂ ಮಣ್ಣು ಎಳೆದು ಕಾಲಿನಿಂದ ತುಳಿದಳು. ಕೆಲಸವೆಂದರೆ ಅಚ್ಚುಕಟ್ಟು.

ಬೆಳಕು ಹೋದಾಗ ಕಾಕಾ ಮೊದಲು ಮೋಡ ಬಂತೆಂದುಕೊಂಡ. ತಿರುಗಿ ನೋಡಿದ. ಬಾಯಿ ಇರಲಿಲ್ಲ.

ಅವನು ಕೂಗಿದ. ಉಡಚಪ್ಪನ ಹೆಸರು ಹಿಡಿದು ಕೂಗಿದ, ಆಮೇಲೆ ಅವನ ಅಪ್ಪನ ಹೆಸರು ಹಿಡಿದು ಬೈದ. ಇದು ಉಡಚಪ್ಪನ ಚೇಷ್ಟೆ ಎಂದೇ ಅವನು ಸ್ವಲ್ಪ ಹೊತ್ತು ನಂಬಿದ್ದ. ಗಿರಣಿಯ ಬಡಿತ ಮಣ್ಣಿನೊಳಗಿಂದ ಅವನ ಎದೆಗೆ ತಾಗುತ್ತಿತ್ತೇ ಹೊರತು ಮೇಲಿನಿಂದ ಒಂದು ಮಾತು ಬರಲಿಲ್ಲ. ಅಷ್ಟರಲ್ಲಿ ಕಂದೀಲಿನ ಉರಿ ಕೆಂಪಾಗಿ ಸಣ್ಣದಾಗುತ್ತಿರುವುದು ಕಣ್ಣಿಗೆ ಬಿತ್ತು. ಬೈಯುವುದನ್ನು ನಿಲ್ಲಿಸಿದ. ಬೈಗುಳಕ್ಕೂ ಉಸಿರು ಬೇಕು.

ಆ ಕಂದೀಲನ್ನು ಏನು ಮಾಡುವುದು ಎಂದು ಯೋಚಿಸಿದ ಗಳಿಗೆಯೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಅವನು ಆಮೇಲೆ ಹೇಳುತ್ತಿದ್ದ. ಅದು ಉರಿದರೆ ಅವನ ಪಾಲಿನ ಗಾಳಿಯನ್ನು ತಿನ್ನುತ್ತದೆ. ಆರಿಸಿದರೆ ಗಾಳಿ ಎಷ್ಟು ಉಳಿದಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಬಾಯಿ ಎಲ್ಲಿದೆ, ಚೀಲಗಳು ಎಲ್ಲಿವೆ ಎಂದು ಕಣ್ಣಿನಲ್ಲೇ ಅಳೆದುಕೊಂಡು ಊದಿ ಆರಿಸಿದ.

ಜೋಳದ ಮೇಲೆ ನಿಂತರೆ ಕಲ್ಲು ಅವನ ಕೈಗೆ ಒಂದು ಮಾರು ದೂರ. ಏರುವುದಕ್ಕೆ ಏನೂ ಇಲ್ಲ. ಇದ್ದದ್ದು ಚೀಲ ಮತ್ತು ಜೋಳ. ಆ ಕತ್ತಲಲ್ಲಿ ಅವನು ಜೀವಮಾನವೆಲ್ಲ ಮಾಡಿದ ಕೆಲಸವನ್ನೇ ಮಾಡಿದ. ಚೀಲ ತುಂಬಿದ. ಪೂರಾ ತುಂಬಿದರೆ ಎತ್ತಲಾಗದು, ಅರ್ಧ ತುಂಬಿ ದಬ್ಬಣದಿಂದ ಬಾಯಿ ಹೊಲಿದ. ಹೊಲಿಯದಿದ್ದರೆ ಏರಿದ ಕೂಡಲೇ ಸುರಿದುಹೋಗುತ್ತದೆ. ಒಂದರ ಮೇಲೊಂದು ಒಟ್ಟಿದ. ಮೊದಲ ಸಲ ಏರಿದಾಗ ಕೆಳಗಿನ ಜೋಳ ಸರಿದು ಚೀಲಗಳೆಲ್ಲ ಉರುಳಿದವು, ಅವನೂ ಉರುಳಿದ. ಎರಡನೆಯ ಸಲವೂ ಅದೇ ಆಯಿತು. ತಾನೇ ರಾಶಿ ಮಾಡಿದ, ತಾನೇ ತೂರಿದ, ಒಂದೊಂದು ಕಾಳನ್ನೂ ಕಾಪಾಡಿದ ಆ ಜೋಳ ಈಗ ಕಾಲಿಟ್ಟಲ್ಲೆಲ್ಲ ನೀರಿನಂತೆ ಹರಿಯುತ್ತಿತ್ತು. ಅಲ್ಲೇ ಕುಳಿತು ಜೋಳಕ್ಕೂ ಒಂದು ಮಾತು ಬೈದನಂತೆ. ತಲೆ ಸಿಡಿಯುತ್ತಿತ್ತು. ಮೈಯೆಲ್ಲ ಬೆವರಿ, ಕೈಗಳು ಯಾರದೋ ಕೈಗಳಂತೆ ಭಾರವಾಗಿದ್ದವು. ಸ್ವಲ್ಪ ಒರಗೋಣ ಎನ್ನಿಸಿತು. ಒರಗಿದರೆ ಮುಗಿಯಿತು ಎಂಬುದು ಗೊತ್ತಿತ್ತು.

ಮೂರನೆಯ ಸಲ ಚೀಲಗಳನ್ನು ಗೋಡೆಗೆ ಅಗಲವಾಗಿ ಕೂಡಿಸಿ, ಸಂದಿಗೆ ಗೋಡೆಯ ಹುಲ್ಲು ಕಿತ್ತು ತುರುಕಿ ಏರಿದ. ತಲೆ ಕಲ್ಲಿಗೆ ತಾಗಿತು. ಹೆಗಲು ಕೊಟ್ಟು ನೂಕಿದ. ಜಮಾಲಸಾಬನ ಗುಂಡು ಅಲುಗಲಿಲ್ಲ. ಆಗ ದಬ್ಬಣದಿಂದ ಕಲ್ಲಿನ ಅಂಚಿನ ಮಣ್ಣನ್ನು ಕೆದಕತೊಡಗಿದ. ತುಳಿದ ಮಣ್ಣು ಚೂರುಚೂರಾಗಿ ಕಣ್ಣಿಗೆ, ಬಾಯಿಗೆ ಬಿತ್ತು. ಎಷ್ಟು ಹೊತ್ತಾಯಿತೋ. ಕೊನೆಗೆ ಬೆರಳು ಗಾತ್ರದ ಒಂದು ಬೆಳಕು ಕಂಡಿತು. ಅದಕ್ಕೆ ಬಾಯಿ ಹಚ್ಚಿ ಉಸಿರೆಳೆದುಕೊಂಡ. ಬಿಸಿಲಿಗೆ ಕಾದ ಗಾಳಿ, ಅದರಲ್ಲಿ ಗಿರಣಿಯ ಎಣ್ಣೆಯ ವಾಸನೆ. ಜೀವ ಬಂದಂತಾಯಿತು.

ಕೂಗಿದರೆ ಉಪಯೋಗವಿರಲಿಲ್ಲ. ಆದರೆ ತೂತಿನ ಆಚೆ ಮಣ್ಣು ಕೆದರುವ ಕೋಳಿಯ ಕಾಲು ಕಾಣಿಸಿತು. ಅವನಿಗೆ ಒಂದು ಉಪಾಯ ಹೊಳೆಯಿತು. ಒಂದು ಹಿಡಿ ಜೋಳವನ್ನು ಆ ತೂತಿನಿಂದ ಕಾಳುಕಾಳಾಗಿ ಹೊರಗೆ ನೂಕಿದ. ಮುಚ್ಚಿದ ಹಗೇವಿನಿಂದ ಜೋಳ ಎದ್ದು ಬರುತ್ತಿದ್ದರೆ ನೋಡಿದ ಯಾರಾದರೂ ಅನುಮಾನಪಡಲೇಬೇಕು. ಕೋಳಿಗಳು ಓಡಿ ಬಂದವು. ಕೋಳಿಗಳ ಹಿಂದೆ ತಿಪ್ಪವ್ವ ಬಂದಳು.

ಪರರ ಕಾಳನ್ನು ತನ್ನ ಕೋಳಿ ತಿನ್ನುವುದನ್ನು ತಿಪ್ಪವ್ವ ಸಹಿಸುವವಳಲ್ಲ. ಕೋಳಿಗಳನ್ನು ಓಡಿಸಿ, ಕುಳಿತು, ಚೆಲ್ಲಿದ ಜೋಳವನ್ನು ಒಂದೊಂದಾಗಿ ಆರಿಸಿ ಅದೇ ತೂತಿನಿಂದ ಒಳಗೆ ಹಾಕಿದಳು. ಕಾಕಾ ಮತ್ತೆ ನೂಕಿದ. ಅವಳು ಮತ್ತೆ ಹಾಕಿದಳು. ಮೂರು ಸಲ ಹೀಗಾಯಿತು. ತೂತಿಗೆ ಬಾಯಿ ಹಚ್ಚಿ ಅವನು, ತಿಪ್ಪವ್ವಾ, ನಾನವಾ ಗೋಣೆಪ್ಪ ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಆ ಕಿವಿಗೆ ಅದು ಮುಟ್ಟುವ ಮಾತೇ ಇರಲಿಲ್ಲ. ಇಲಿ ತೂತು ಕೊರೆದಿದೆ ಎಂದು ಅವಳು ತೀರ್ಮಾನಿಸಿದಳು. ಬುಟ್ಟಿಯಿಂದ ಒಂದು ಹಿಡಿ ಸಗಣಿ ತೆಗೆದು ತೂತಿಗೆ ಮೆತ್ತಿದಳು. ತೂತಿನಿಂದ ಬಾಯಿ ಸರಿಸುವಷ್ಟು ಹೊತ್ತೂ ಕಾಕಾನಿಗೆ ಸಿಗಲಿಲ್ಲ.

ಮತ್ತೆ ಕತ್ತಲು. ಆಗ ಅವನಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತಂತೆ. ಹೊಲ ಬಿತ್ತಿ ಬೆಳೆದವನು ತಾನು; ಇಲಿಯೆಂದು ಸಗಣಿ ಮೆತ್ತಿಸಿಕೊಂಡು ಸಾಯಲು ಅವನು ಸಿದ್ಧನಿರಲಿಲ್ಲ. ದಬ್ಬಣವನ್ನು ಎರಡೂ ಕೈಯಲ್ಲಿ ಹಿಡಿದು ಸಗಣಿಯೊಳಗಿಂದ ಮೇಲಕ್ಕೆ ಚುಚ್ಚಿದ. ತಿಪ್ಪವ್ವ ಅದೇ ಹೊತ್ತಿಗೆ ಮೆತ್ತಿದ್ದನ್ನು ಬೆರಳಿನಿಂದ ನುಣುಪು ಮಾಡುತ್ತಿದ್ದಳು.

ಚೇಳು ಕಡಿದರೆ ಆ ಊರಿನಲ್ಲಿ ಎಲ್ಲರೂ ಬರುತ್ತಿದ್ದದ್ದು ನಮ್ಮ ಮನೆಗೆ. ಕಾಕಾ ಒಂದು ಬೇರು ತೇಯ್ದು ಹಚ್ಚುತ್ತಿದ್ದ. ತಿಪ್ಪವ್ವ ಬೆರಳು ಹಿಡಿದುಕೊಂಡು ನಮ್ಮ ಹೊಸ್ತಿಲಿಗೆ ಬಂದಳು.

"ಗೋಣ್ಯಾನ್ನ ಎಬ್ಬಸ್ರವಾ. ಚೇಳ ಕಡದೈತಿ. ನಿಮ್ಮ ಹಗೇವಿನ ಮ್ಯಾಲೇ ಕಡದೈತಿ. ನಿಮ್ಮ ಜ್ವಾಳಾ ಕಾಯಾಕ ಹೋಗಿ ನನಗ ಈ ಗತಿ."

ಚಿಗವ್ವ ನನ್ನ ಮುಖ ನೋಡಿದಳು. "ನೀನ ಎಬ್ಬಸವಾ ನೀಲಾ. ನಾ ಎಬ್ಬಿಸಿದ್ರ ಮತ್ತ ಮುಂಜಾನಿ ಮಾತಿಗೇ ಬರ್ತಾರ."

ನಾನು ಮುಂದೆ ಮಾಡಿದ್ದ ಬಾಗಿಲನ್ನು ನಾನೇ ತೆರೆದೆ. ಕಾಕಾ, ಕಾಕಾ ಎಂದು ಎರಡು ಸಲ ಕರೆದು ಕಂಬಳಿ ಎಳೆದೆ. ಕೆಳಗೆ ಮಡಚಿದ ಕೌದಿಗಳಿದ್ದವು. ನೆಲ ಸಾರಿಸುವುದಕ್ಕೆಂದು ಮುಂಜಾನೆ ಚಿಗವ್ವನೇ ಹಾಸಿಗೆಯನ್ನೆಲ್ಲ ಒಂದೆಡೆ ಒಟ್ಟಿ ಮೇಲೆ ಕಂಬಳಿ ಹೊದಿಸಿದ್ದಳು, ಜಗಳದಲ್ಲಿ ಅದನ್ನು ಮರೆತೇಬಿಟ್ಟಿದ್ದಳು.

ನಾನು ಹೊರಗೆ ಬಂದಾಗ ಚಿಗವ್ವ ತಿಪ್ಪವ್ವನ ಬೆರಳನ್ನು ತೊಳೆಯುತ್ತಿದ್ದಳು. ಬೆರಳು ಊದಿರಲಿಲ್ಲ. ಚೇಳಿನ ಕೊಂಡಿ ಅಷ್ಟು ದೊಡ್ಡ ತೂತು ಮಾಡುವುದಿಲ್ಲ. ತೂತಿನ ಅಂಚಿಗೆ ಸುತಳಿಯ ಒಂದು ಎಳೆ ಅಂಟಿತ್ತು. ಕಾಕಾ ಕೋಣೆಯಲ್ಲಿಲ್ಲ ಎಂದು ನಾನು ಹೇಳಿದೆ. ಚಿಗವ್ವ ಆ ಎಳೆಯನ್ನು ನೋಡಿದಳು, ಹೊಸ್ತಿಲ ಪಕ್ಕ ಜೋಡಿಸಿಟ್ಟ ಕೆರವುಗಳನ್ನು ನೋಡಿದಳು.

"ಇದು ದಬ್ಬಣ," ಎಂದಳು. "ಹಗೇವಿನ್ಯಾಗ ಅದಾರ ಅವರು."

ಆಮೇಲೆ ಅವಳು ಓಡಿದ ಓಟಕ್ಕೆ ನನ್ನ ಹದಿನೆಂಟು ವರ್ಷದ ಕಾಲುಗಳು ಸಾಟಿಯಾಗಲಿಲ್ಲ. ಜಮಾಲಸಾಬ ಮೂರನೆಯ ಮನೆಯ ಕಟ್ಟೆಯಲ್ಲಿ ಹತ್ತಿ ಹಿಂಜುತ್ತಿದ್ದ. ನಮ್ಮನ್ನು ನೋಡಿ ಬಿಲ್ಲು ಎಸೆದು ಬಂದ. ತಾನು ಇಟ್ಟ ಗುಂಡನ್ನು ತಾನೇ ಉರುಳಿಸಿದ. ಗಿರಣಿಯಿಂದ ಉಡಚಪ್ಪ ಬಂದ. ಅವನು ನಡುವೆ ಒಮ್ಮೆ ಬಂದು, ಹಗೇವು ಮುಚ್ಚಿದ್ದು ಕಂಡು, ಗೋಣೆಪ್ಪ ಬೇರೆ ಯಾರದೋ ಹಗ್ಗ ಹಿಡಿದು ಮೇಲೆ ಬಂದು ಸಿಟ್ಟಾಗಿ ಮನೆಗೆ ಹೋಗಿದ್ದಾನೆ ಎಂದು ತಿಳಿದು, ಬೈಗುಳಕ್ಕೆ ಹೆದರಿ ಮತ್ತೆ ಚಕ್ಕಡಿಯ ಕೆಲಸಕ್ಕೇ ಹೋಗಿದ್ದನಂತೆ. ಮೂವರು ಸೇರಿ ಕಲ್ಲು ಸರಿಸಿದರು. ಚೀಲಗಳ ಮೇಲೆ ಕುಕ್ಕುರಿಸಿ, ಗೋಡೆಗೆ ತಲೆ ಆನಿಸಿಕೊಂಡು ಕಾಕಾ ಕೂತಿದ್ದ. ಕಣ್ಣು ಅರ್ಧ ಮುಚ್ಚಿತ್ತು. ದಬ್ಬಣ ಕೈಯಲ್ಲೇ ಇತ್ತು. ಚಿಗವ್ವ ಹೆಸರು ಹಿಡಿದು ಕರೆಯುವವಳಲ್ಲ; ಅವತ್ತು ಕರೆದಳು. ಕಣ್ಣು ತೆರೆಯಿತು.

ಎತ್ತಿ ಬೇವಿನ ನೆರಳಿನಲ್ಲಿ ಮಲಗಿಸಿದರು. ಮುಖದ ತುಂಬ ಜೋಳದ ಹೊಟ್ಟು, ಮೀಸೆಯ ಮೇಲೆ ಸಗಣಿ. ಯಾರೋ ಹೇಳಿ ಗಿರಣಿ ನಿಲ್ಲಿಸಿದ್ದರು. ಸುದ್ದಿ ಮುಟ್ಟಿ ಲಕ್ಕಪ್ಪನೂ ಓಡಿ ಬಂದಿದ್ದ. ನೀರು ಕುಡಿಸಿದರು, ಗಾಳಿ ಬೀಸಿದರು. ಒಬ್ಬ ಕಾಲು ತಿಕ್ಕಿದರೆ ಇನ್ನೊಬ್ಬ ಕೈ ತಿಕ್ಕಿದ. ಬಹಳ ಹೊತ್ತಿನ ಮೇಲೆ ಕಾಕಾ ಎದ್ದು ಕೂತ. ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ.

"ಎಲ್ಲಾರೂ ದೂರ ಸರೀರಿ," ಎಂದ. "ಇನ್ನ ಯಾರೂ ನನಗ ಏನೂ ಉಪಕಾರ ಮಾಡಬ್ಯಾಡ್ರಿ. ನಿಮ್ಮ ಪುಣ್ಯಾ ಸಾಕಾಗೇತಿ."

ನಾವು ಸರಿದೆವು. ಸರಿಯದವಳು ತಿಪ್ಪವ್ವ ಒಬ್ಬಳೇ. ಇಷ್ಟು ಹೊತ್ತಿಗೆ ನಡೆದು ಬಂದು ಮುಟ್ಟಿದ್ದ ಅವಳಿಗೆ ಏನಾಗಿದೆ ಎಂದು ಯಾರೂ ಹೇಳಿರಲಿಲ್ಲ. ಅವನ ಎದುರು ಕುಳಿತು ಬೆರಳು ಮುಂದೆ ಹಿಡಿದಳು.

"ಎಲ್ಲಿ ಹೋಗಿದ್ದೆಪಾ ನೀ? ಹಗೇವ ಬಾಯಿ ತಕ್ಕೊಂಡ ಬಿದ್ದಿತ್ತು. ನಾನ ಮುಚ್ಚಿಸಿದ್ನಿ. ಇಲಿ ತೂತೂ ಬಂದ್ ಮಾಡೇನಿ. ನೋಡ, ಚೇಳ ಕಡದೈತಿ."

ಕಾಕಾ ಅವಳ ಮುಖ ನೋಡಿದ. ಬಾಯಿ ತೆರೆದ. ಈಗ ಏನು ಬರುತ್ತದೋ ಎಂದು ನಾವೆಲ್ಲ ಕಾದೆವು. ಲಕ್ಕಪ್ಪನಂತೂ ಎರಡು ಹೆಜ್ಜೆ ಹಿಂದಕ್ಕೇ ಹೋದ. ಕಾಕಾ ಬಾಯಿ ಮುಚ್ಚಿ ದಬ್ಬಣವನ್ನು ತೊಡೆಯ ಕೆಳಗೆ ಸರಿಸಿದ. ಅವಳ ಬೆರಳನ್ನು ಹಿಡಿದು, ತಾನೇ ಮಾಡಿದ ತೂತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬೇರು ತಾ ಎಂದು ನನಗೆ ಹೇಳಿದ. ನಾನು ತಂದೆ. ಕಲ್ಲಿಗೆ ತೇಯ್ದು, ಹಚ್ಚಿ, ತನ್ನ ರುಮಾಲಿನ ಅಂಚು ಹರಿದು ಕಟ್ಟಿದ. ಅವಳ ಕಿವಿಗೆ ಬಾಯಿ ಹಚ್ಚಿ, ಸಣ್ಣ ಚೇಳು, ನಾಳೆಗೆ ಕಡಿಮೆಯಾಗುತ್ತದೆ ಎಂದು ಕೂಗಿದ. ನಿಜ ಸಂಗತಿಯನ್ನು ಅವಳಿಗೆ ಯಾರೂ ಹೇಳಕೂಡದು ಎಂದು ನಮಗೆ ತಾಕೀತು ಮಾಡಿದ. ಅವಳು ಇನ್ನೂ ಹನ್ನೊಂದು ವರ್ಷ ಬದುಕಿದಳು, ಯಾರೂ ಹೇಳಲಿಲ್ಲ.

ನೋವು ಇಳಿಯಿತು ಎಂದು ತಿಪ್ಪವ್ವ ಎದ್ದಳು. ಸೀರೆ ಕೊಡವಿ ಸುತ್ತ ನೋಡಿದಳು. ಉಡಚಪ್ಪ ಅಲ್ಲಿರಲಿಲ್ಲ. ತಾನು ಮಾಡಿದ ತಪ್ಪಿಗೆ ನಾಚಿ, ಯಾರಿಗೂ ಹೇಳದೆ, ಉಳಿದ ಕೆಲಸ ಮುಗಿಸೋಣವೆಂದು ಅವನು ಹಗೇವಿನೊಳಗೆ ಇಳಿದಿದ್ದ. ಬರಿಗಾಲಲ್ಲಿ ಓಡಿ ಬಂದಿದ್ದರಿಂದ ಬಿಡಲು ಅವನ ಕೆರವೂ ಇರಲಿಲ್ಲ. ತಿಪ್ಪವ್ವನ ಕಣ್ಣಿಗೆ ಬಿದ್ದದ್ದು ಮತ್ತೆ ತೆರೆದುಕೊಂಡಿದ್ದ ಹಗೇವಿನ ಬಾಯಿ ಮಾತ್ರ. ನಾಲಿಗೆಯಲ್ಲಿ ಚ್ಚು ಚ್ಚು ಎಂದು ಸಪ್ಪಳ ಮಾಡಿ ಹಾಸುಗಲ್ಲಿನ ಕಡೆಗೆ ನಡೆದಳು.

ನಿಲ್ಲಲಾರದೆ ಕೂತಿದ್ದ ನಮ್ಮ ಕಾಕಾ ಎದ್ದು ಓಡಿದ. ಹೋಗಿ ಹಗೇವಿನ ಅಂಚಿಗೆ ಕೂತು, ಎರಡೂ ಕಾಲುಗಳನ್ನು ಬಾಯಿಯೊಳಗೆ ಇಳಿಬಿಟ್ಟ. ಉಡಚಪ್ಪ ಕೊನೆಯ ಚೀಲ ಕಟ್ಟಿ ಮೇಲೆ ಬರುವವರೆಗೂ ಅಲ್ಲಿಂದ ಏಳಲಿಲ್ಲ. ಪಾಪ, ಬಿಸಿಲಲ್ಲಿ ಕೂತಿದ್ದಾನೆ ಎಂದು ತಿಪ್ಪವ್ವ ಒಂದು ಚರಿಗೆ ಮಜ್ಜಿಗೆ ತಂದುಕೊಟ್ಟಳು. ಅವನು ಅದನ್ನು ಕುಡಿದ, ಕಾಲು ಮಾತ್ರ ತೆಗೆಯಲಿಲ್ಲ.